ಭಟ್ಟಿಯಲ್ಲಿ ಉಳಿದ ರೊಟ್ಟಿ

ಇಪ್ಪತ್ತೆರಡು ವರ್ಷ ಹೈಸ್ಕೂಲಿನ ಮಕ್ಕಳಿಗೆ ರೋಮಿನ ಪಾಠ ಮಾಡಿದ ನನಗೆ, ರೋಮನ್ನರ ಒಂದು ಬೇಕರಿಯನ್ನು ಹೇಗೆ ನೋಡಬೇಕೆಂದು ಕಲಿಸಿದವರು ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರು. ವಾಮದಪದವಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಕೆಂಪುಕಲ್ಲಿನ ಗೋಡೆ ಮಾತ್ರ. ಊರಿಗೆಲ್ಲ ಅವರು ಬೇಕರಿ ಕಾಕ. ಅವರ ಹೆಸರು ಗೊತ್ತಿದ್ದವರು ಕಡಿಮೆ. ನನಗೂ ಗೊತ್ತಾದದ್ದು ರೇಷನ್ ಕಾರ್ಡಿನ ಅರ್ಜಿ ಬರೆದುಕೊಡುವಾಗ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಾಕ ಎಂದರೆ ಸಾಕು. ಹೋದ ತಿಂಗಳು ಅವರು ತೀರಿಕೊಂಡರು.

ಬಿಳಿ ಲುಂಗಿ, ಬಿಳಿ ಬನಿಯನ್, ಹೆಗಲ ಮೇಲೊಂದು ಬೈರಾಸು. ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ನಲವತ್ತು ವರ್ಷ ಭಟ್ಟಿಯ ಬಾಯಿಗೆ ಆ ಕೈ ಹಾಕಿ ತೆಗೆದು, ಹಾಕಿ ತೆಗೆದು, ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಮಂಗಳೂರಿನಿಂದ ಪ್ಲಾಸ್ಟಿಕ್ ಕವರಿನ ಬ್ರೆಡ್ಡು ವ್ಯಾನಿನಲ್ಲಿ ಬರಲು ಶುರುವಾದ ಮೇಲೆ, ಅದೇ ಹೊತ್ತಿಗೆ ಕಾಲಿನ ಮಂಡಿಯೂ ಕೈಕೊಟ್ಟದ್ದರಿಂದ, ಬೇಕರಿ ಮುಚ್ಚಿದರು. ಮನೆಯ ಹಿಂದಿನ ಭಟ್ಟಿಯನ್ನು ಕೆಡವಲಿಲ್ಲ. ಅದರೊಳಗೆ ಮಗಳು ಸಫಿಯಾ ತೆಂಗಿನ ಗೆರಟೆ, ಸೋಗೆ, ಒಣ ಕಟ್ಟಿಗೆ ತುಂಬಿಸಿಟ್ಟಿದ್ದಳು.

ಸಫಿಯಾ ಅವರ ಒಬ್ಬಳೇ ಮಗಳು. ಗಂಡ ಸೌದಿಯ ದಮ್ಮಾಮಿನಲ್ಲಿ, ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಅವಳನ್ನು ಹೆತ್ತ ದಿನವೇ ತಾಯಿ ಹೋಗಿಬಿಟ್ಟಿದ್ದಳು. ಕಾಕ ಮತ್ತೆ ಮದುವೆಯಾಗಲಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ, ಅಮ್ಮನಿಗೆ ಉಮ್ಮ, ಅಪ್ಪನಿಗೆ ಉಪ್ಪ ಎನ್ನುವ ಸಫಿಯಾ ಗೋಡೆಯ ಆಚೆ ಬಟ್ಟೆ ಒಣಗಿಸುತ್ತ ಹೇಳಿದ್ದಳು: "ನಾನು ಉಮ್ಮನ ಮುಖ ನೋಡ್ಲಿಲ್ಲ ಅಕ್ಕಾ. ಆದರೆ ಉಪ್ಪ ಇದ್ದರಲ್ಲ ಹತ್ತಿರ. ಉಮ್ಮ ಹೋಗುವಾಗ ಉಪ್ಪನ ಕೈ ಹಿಡ್ಕೊಂಡಿದ್ದರಂತೆ. ಅದೊಂದು ಸಮಾಧಾನ ಉಂಟು ನನಗೆ." ಈ ಮಾತನ್ನು ಅವಳು ಇಷ್ಟು ವರ್ಷಗಳಲ್ಲಿ ನನ್ನ ಹತ್ತಿರ ಹತ್ತು ಸಲವಾದರೂ ಹೇಳಿರಬಹುದು.

ಬ್ರೆಡ್ಡಿಗೆ ಕಾಕ ಕೊನೆಯವರೆಗೂ ರೊಟ್ಟಿ ಎಂದೇ ಹೇಳಿದರು. ಒಂದು ತುಂಡು ನೆಲಕ್ಕೆ ಬಿದ್ದರೆ ಹೆಕ್ಕಿ, ತುಟಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿ, ಗೋಡೆಯ ಮೇಲೆ ಕಾಗೆಗೆ ಇಡುತ್ತಿದ್ದರು. ಒಮ್ಮೆ ನನ್ನ ಗಂಡ ಬೂಷ್ಟು ಹಿಡಿದ ಬ್ರೆಡ್ಡನ್ನು ಗೊಬ್ಬರದ ಗುಂಡಿಗೆ ಎಸೆದದ್ದನ್ನು ಕಂಡು ಕಾಕ ಮೂರು ದಿನ ಅವರ ಹತ್ತಿರ ಮಾತು ಬಿಟ್ಟಿದ್ದರು. ಬಂಟ್ವಾಳ ಪೇಟೆಯಲ್ಲಿ ಅವರಿಗೆ ಕೆಲಸ ಕಲಿಸಿದ ಉಸ್ತಾದರ ಒಂದು ಕಟ್ಟಳೆ ಇತ್ತು. ರೊಟ್ಟಿ ಭಟ್ಟಿಗೆ ಹಾಕಿದ ಮೇಲೆ ತೆಗೆಯುವವರೆಗೆ ಕಾಲು ಹೊರಗಿಡಬಾರದು. ಅನ್ನವನ್ನು ಬೆಂಕಿಯ ಕೈಯಲ್ಲಿ ಕೊಟ್ಟು ಹೋಗುವವನು ಬೇಕರಿಯವನಲ್ಲ ಎಂದು ಆ ಉಸ್ತಾದರು ಹೇಳುತ್ತಿದ್ದರಂತೆ. ಚುನಾವಣೆಯ ಹೊತ್ತಿನಲ್ಲಿ ಯಾರೋ ದೊಡ್ಡ ಮನುಷ್ಯರು ಅಂಗಳಕ್ಕೆ ಬಂದು ನಿಂತಾಗ ಕಾಕ ಒಳಗಿನಿಂದಲೇ, "ರೊಟ್ಟಿ ಒಳಗುಂಟು, ಕೂತ್ಕೊಳ್ಳಿ" ಎಂದು ಕೂಗಿ ಅರ್ಧ ಗಂಟೆ ಕೂರಿಸಿದ ಕಥೆಯನ್ನು ಊರಿನವರು ಈಗಲೂ ಹೇಳಿಕೊಂಡು ನಗುತ್ತಾರೆ.

ಲಾಕ್‌ಡೌನಿನ ವರ್ಷ. ನಾನು ಕೆಲಸ ಮಾಡುವ ಶಾಲೆ ಇರುವುದು ಬೆಳ್ತಂಗಡಿ ಕಡೆ. ಆಗ ಪಾಠವೆಲ್ಲ ಮನೆಯಿಂದಲೇ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಮೂಲೆಯೊಂದರಲ್ಲಿ ಮಾತ್ರ. ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ಆಚೆ ಮಕ್ಕಳು ಕ್ಯಾಮೆರಾ ಬಂದ್ ಮಾಡಿ ಮಲಗಿರುತ್ತಾರೆ ಎಂಬುದು ನನಗೂ ಗೊತ್ತಿತ್ತು. ಅವರನ್ನು ಹೇಗಾದರೂ ಎಬ್ಬಿಸಬೇಕೆಂದು ಒಂದು ದಿನ ಪಾಂಪೆಗೆ ಕರೆದುಕೊಂಡು ಹೋದೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ ಸುಮಾರು ಸಾವಿರದ ಏಳುನೂರು ವರ್ಷಗಳ ಮೇಲೆ ಅಗೆದು ತೆಗೆದ ರೋಮನ್ನರ ಊರು ಅದು. ಕಂಪ್ಯೂಟರಿನಲ್ಲಿ ಅದರ ವರ್ಚುವಲ್ ಟೂರ್ ಇದೆ. ಬಾಣದ ಗುರುತು ಒತ್ತಿದರೆ ಬೀದಿಯಲ್ಲಿ ಮುಂದೆ ಹೋಗಬಹುದು, ಮನೆಗಳ ಒಳಗೆ ಹೊಕ್ಕು ಸುತ್ತ ತಿರುಗಿ ನೋಡಬಹುದು. ಅರಮನೆಯಂಥ ಮನೆ, ಸ್ನಾನದ ಮನೆ ಎಲ್ಲ ತೋರಿಸಿ, ಕೊನೆಗೆ ಒಂದು ಬೇಕರಿಯನ್ನೂ ತೋರಿಸಿದೆ. ಮಕ್ಕಳು ಎದ್ದರೋ ಇಲ್ಲವೋ ತಿಳಿಯಲಿಲ್ಲ.

ಪಾಠ ಮುಗಿಸಿ ತಲೆ ಎತ್ತಿದರೆ ಗೋಡೆಯ ಆಚೆ ಕಾಕ ನಿಂತಿದ್ದರು. ಸಫಿಯಾಳ ಹತ್ತಿರ ಬ್ಯಾರಿ ಭಾಷೆ, ಊರಿನವರ ಹತ್ತಿರ ತುಳು, ಆದರೆ ನನ್ನ ಹತ್ತಿರ ಮಾತ್ರ ಕನ್ನಡ. ಟೀಚರ್ ಎಂದರೆ ಕನ್ನಡದಲ್ಲೇ ಮಾತಾಡಬೇಕೆಂದು ಅವರು ತಾವಾಗಿಯೇ ನಿಶ್ಚಯಿಸಿಕೊಂಡಿದ್ದರು.

"ಟೀಚರೇ, ನೀವು ಹೇಳಿದ ಆ ಭಟ್ಟಿ ಯಾವ ಊರಲ್ಲಿ ಉಂಟು?"

"ಇಟಲಿಯಲ್ಲಿ, ಕಾಕ. ಎರಡು ಸಾವಿರ ವರ್ಷ ಆಯ್ತು ಅದಕ್ಕೆ."

"ಹಾಗಾದರೆ ಈಗ ಬಂದ್ ಆಗಿರಬೇಕು" ಎಂದರು, ಮುಖದಲ್ಲಿ ನಗುವೇ ಇಲ್ಲದೆ. "ನೋಡ್ಬಹುದಾ?"

ಗೇಟಿನಿಂದ ಸುತ್ತಿ ಬಂದರು. ಜಗಲಿಯ ನಳ್ಳಿಯಲ್ಲಿ ಕೈ ತೊಳೆದು ಬೈರಾಸಿನಲ್ಲಿ ಒರೆಸಿಕೊಂಡು ಕೂತರು. ಲ್ಯಾಪ್‌ಟಾಪನ್ನು ಮುಟ್ಟಲಿಕ್ಕಿಲ್ಲದಿದ್ದರೂ ಕೈ ತೊಳೆಯುವುದನ್ನು ಮುಂದೆ ಒಂದು ಸಲವೂ ಅವರು ತಪ್ಪಿಸಲಿಲ್ಲ.

ನಾನು ಬೇಕರಿಯನ್ನು ಅರ್ಧ ನಿಮಿಷದಲ್ಲಿ ಮುಗಿಸಿದ್ದೆ. ಅವರು ಅಲ್ಲಿ ಮುಕ್ಕಾಲು ಗಂಟೆ ನಿಂತರು. ನಿಂತರು ಎಂದೇ ಹೇಳಬೇಕು, ಏಕೆಂದರೆ ಅವರು ಕುರ್ಚಿಯಲ್ಲಿ ಕೂತು ನಡೆಯುತ್ತಿದ್ದರು. "ಸ್ವಲ್ಪ ಮುಂದೆ ಹೋಗುವ ಟೀಚರೇ. ಬಲಕ್ಕೆ ತಿರುಗುವ. ಅಲ್ಲಿ ನಿಲ್ಲುವ." ಬೀದಿ ದಾಟಲು ಇಟ್ಟ ದೊಡ್ಡ ಕಲ್ಲುಗಳು ಬಂದಾಗ ಅವರಿಗೇ ತಿಳಿಯದೆ ಲುಂಗಿ ಸ್ವಲ್ಪ ಮೇಲೆತ್ತಿ ಹಿಡಿದರು. ಬೀಸುವ ಕಲ್ಲುಗಳ ಸುತ್ತ ಹಾಸಿದ ನೆಲವನ್ನು ನೋಡಿ, "ಇಲ್ಲಿ ಕತ್ತೆಯೋ ಎಂಥದೋ ಸುತ್ತು ತಿರುಗಿದೆ, ಇಲ್ಲದಿದ್ದರೆ ಇಷ್ಟು ಗಟ್ಟಿ ಕಲ್ಲು ಹಾಸಲಿಕ್ಕಿಲ್ಲ" ಎಂದರು. ನಾನು ಅದನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ. "ಹಿಟ್ಟು ನಾದುವ ಕೋಣೆ ಭಟ್ಟಿಯ ಪಕ್ಕವೇ ಇರಬೇಕು, ಬೀದಿಯ ಗಾಳಿ ಬಾರದ ಕಡೆ. ಎಡಕ್ಕೆ ನೋಡುವ." ಎಡಕ್ಕೆ ಬಾಣ ಒತ್ತಿದೆ. ಕೋಣೆ ಇತ್ತು! ಅದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಭಟ್ಟಿಯ ಮುಂದೆ ಬಂದೆವು. ಇಟ್ಟಿಗೆಯ ಕಮಾನು, ಒಳಗೆ ಗುಂಡಗಿನ ಗುಹೆ. ತುಂಬ ಹೊತ್ತು ನೋಡಿ, "ನೆಲದ ಅಡಿಗೆ ಉಪ್ಪು ಹಾಕಿದ್ದಾರಾ?" ಎಂದು ಕೇಳಿದರು. ನಮ್ಮ ಕಡೆಯ ಭಟ್ಟಿಗಳಿಗೆ ಕಾವು ನಿಲ್ಲಲೆಂದು ನೆಲದ ಕೆಳಗೆ ಉಪ್ಪು, ಒಡೆದ ಗಾಜು, ಮರಳು ತುಂಬುತ್ತಾರೆ ಎಂದು ನನಗೆ ಆಗಲೇ ತಿಳಿದದ್ದು. ಗೊತ್ತಿಲ್ಲ ಎಂದೆ. "ಬಾಯಿ ಸ್ವಲ್ಪ ದೊಡ್ಡದಾಯ್ತು" ಎಂದರು. "ಕಾವು ಹೋಗ್ತದೆ. ಆದರೂ ಒಳ್ಳೆ ಕೆಲಸದವನು." ತಮ್ಮ ಸಮಪ್ರಾಯದ, ಪಕ್ಕದ ಪುಂಜಾಲಕಟ್ಟೆಯ ಬೇಕರಿಯವನೊಬ್ಬನ ಬಗ್ಗೆ ಹೇಳುವ ಹಾಗೆ ಹೇಳಿದರು.

ಆಮೇಲೆ ಅದು ಅಭ್ಯಾಸವಾಯಿತು. ಭಾನುವಾರ ಸಂಜೆ ಅಸರ್ ನಮಾಜು ಮುಗಿಸಿ ಬರುವುದು, ಕೈ ತೊಳೆಯುವುದು, ಪಾಂಪೆಗೆ ಹೋಗುವುದು. ಶಾಲೆ ತೆರೆದ ಮೇಲೂ ನಿಲ್ಲಲಿಲ್ಲ. ಊರಿನ ಚಾ ಅಂಗಡಿಯಲ್ಲಿ ಜನ ತಮಾಷೆ ಮಾಡುತ್ತಿದ್ದರು: "ಅಳಿಯ ದಮ್ಮಾಮಿಗೆ ಕರೆದರೆ ಮಂಡಿನೋವು ಅಂತಾರೆ, ವಾರಕ್ಕೊಮ್ಮೆ ಇಟಲಿಗೆ ಹೋಗ್ತಾರೆ ಮಾರಾಯ್ರೇ!" ಕಲ್ಲಿನ ಬೀದಿಯಲ್ಲಿ ಗಾಡಿಚಕ್ರ ಸವೆಸಿದ ಗೀರುಗಳನ್ನು ಕಂಡು ಕಾಕ ನಮ್ಮ ಪಂಚಾಯತಿನ ರಸ್ತೆಯನ್ನು ನೆನೆಸಿಕೊಂಡು ಬೈಯುತ್ತಿದ್ದರು. ಕೆಲವೊಮ್ಮೆ ಅರ್ಧ ದಾರಿಯಲ್ಲಿ, "ಸ್ವಲ್ಪ ಕೂರುವ ಟೀಚರೇ, ಕಾಲು ನೋಯ್ತದೆ" ಎನ್ನುತ್ತಿದ್ದರು. ನಾನು ಬಾಣದ ಗುರುತಿನಿಂದ ಕೈ ತೆಗೆಯುತ್ತಿದ್ದೆ. ಯಾರೂ ಇಲ್ಲದ ಆ ಬೀದಿಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕೂತಿರುತ್ತಿದ್ದೆವು.

ಒಂದು ಸಲ ನಾನು, "ಇದೆಲ್ಲ ಚಿತ್ರ ಕಾಕ, ನಿಜವಾದ ಹಳೇ ಕಲ್ಲು ನೋಡುವ ಬನ್ನಿ, ಮೂಡಬಿದಿರೆಯ ಬಸದಿಗೆ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ" ಎಂದೆ. ಅವರ ಮುಖ ಇಳಿಯಿತು. "ಮೂಡಬಿದಿರೆ ಬೇಡ ಟೀಚರೇ. ಇದೇ ಸಾಕು." ಬಸದಿ ಎಂದದ್ದಕ್ಕೆ ಅವರಿಗೆ ಇರಿಸುಮುರಿಸಾಯಿತೇನೋ ಎಂದುಕೊಂಡು ನಾಲಿಗೆ ಕಚ್ಚಿಕೊಂಡೆ. ಎಷ್ಟು ತಪ್ಪು ತಿಳಿದಿದ್ದೆ! ಆ ಊರಿಗೆ ಅವರು ನಲವತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ. ಕಾರ್ಕಳದಲ್ಲಿ ಸಂಬಂಧಿಕರ ಮದುವೆಯಿದ್ದರೂ ಬೆಳ್ತಂಗಡಿಯ ಮೂಲಕ ಸುತ್ತು ಹಾಕಿ ಹೋಗುತ್ತಿದ್ದರು.

ಒಂದು ವರ್ಷ ಕಳೆದಿರಬಹುದು. ಒಂದು ಭಾನುವಾರ ಅವರು, "ಅವನ ರೊಟ್ಟಿ ಹೇಗಿತ್ತು ಅಂತ ಯಾರಿಗಾದರೂ ಗೊತ್ತುಂಟಾ?" ಎಂದು ಕೇಳಿದರು. ನನಗೆ ಖುಷಿಯಾಯಿತು. ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಅಲ್ಲಿ ಅಗೆಯುವಾಗ ಸಿಕ್ಕಿದ ರೊಟ್ಟಿಯ ಚಿತ್ರ ತೆರೆದು ತೋರಿಸಿದೆ. ಗುಂಡಗಿನ ರೊಟ್ಟಿ, ಮೇಲೆ ಎಂಟು ಪಾಲಿಗೆ ಹಾಕಿದ ಗೆರೆ, ಇದ್ದಲಿನ ಹಾಗೆ ಕಪ್ಪು. ಕಾಕ ಕುರ್ಚಿಯಿಂದ ಎದ್ದು ನಿಂತರು. ಪರದೆಯನ್ನು ಮುಟ್ಟದೆ ಬೆರಳನ್ನು ಅದರ ಎದುರು ಹಿಡಿದು, ಆ ಬೆರಳನ್ನು ತುಟಿಗೂ ಕಣ್ಣಿಗೂ ಒತ್ತಿಕೊಂಡರು.

"ಇದು ತೆಗೆದಿಟ್ಟ ರೊಟ್ಟಿ ಅಲ್ಲ" ಎಂದರು. "ಭಟ್ಟಿಯ ಒಳಗೇ ಉಳಿದದ್ದು."

"ಹೌದು ಕಾಕ! ಭಟ್ಟಿಯ ಬಾಯಿ ಮುಚ್ಚಿದ ಹಾಗೇ ಇತ್ತಂತೆ. ಒಳಗೆ ಇಡೀ ಸಾಲು ರೊಟ್ಟಿ."

"ಅವನು?"

"ಯಾರು?"

"ಭಟ್ಟಿಯವನು."

ಆಗ ನನ್ನೊಳಗಿನ ಟೀಚರ್ ಎದ್ದು ಕೂತಳು. ಬೆಟ್ಟ ಸಿಡಿದದ್ದು, ಬೂದಿ ಬಿದ್ದದ್ದು, ಜನ ಓಡಿದ್ದು ಎಲ್ಲವನ್ನೂ ಹೇಳಿದೆ. ರೊಟ್ಟಿ ಹಾಕಿದವನು ಅದನ್ನು ಬಿಟ್ಟು ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಿರಬೇಕು, ಜೀವಕ್ಕಿಂತ ರೊಟ್ಟಿ ದೊಡ್ಡದಾ ಎಂದು ನಕ್ಕೆ ಕೂಡ. ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಕಾಕ ಚಪ್ಪಲಿ ಹಾಕಿಕೊಂಡು ಹೋದರು.

ಎರಡು ಭಾನುವಾರ ಬರಲಿಲ್ಲ. ಸಫಿಯಾಳನ್ನು ಕೇಳಿದರೆ ಮಂಡಿನೋವು ಎಂದಳು. ಮೂರನೆಯ ಭಾನುವಾರ ಬಂದರು, ಕೈ ತೊಳೆದರು. ಲ್ಯಾಪ್‌ಟಾಪ್ ತೆರೆಯಬೇಡಿ ಎಂದು ಕೈಸನ್ನೆ ಮಾಡಿದರು.

"ಅವತ್ತು ಮಧ್ಯಾಹ್ನ ಒಂದೂವರೆ ಗಂಟೆ" ಎಂದು ಶುರುಮಾಡಿದರು. ಯಾವತ್ತು ಎಂದು ನಾನು ಕೇಳಲಿಲ್ಲ. "ಚೊಚ್ಚಲ ಹೆರಿಗೆ ಅಂತ ಅವಳು ತಾಯಿಮನೆಗೆ ಹೋಗಿದ್ದಳು, ಮೂಡಬಿದಿರೆ ಹತ್ತಿರ. ಅವಳ ಅಣ್ಣ ಸೈಕಲಲ್ಲಿ ಬಂದ. 'ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇವೆ ಭಾವ, ಹೆದರುವಂಥದ್ದು ಏನಿಲ್ಲ, ಸ್ವಲ್ಪ ಬೇಗ ಬರಬೇಕಂತೆ' ಅಂದ. ನಾನು ಆಗಷ್ಟೇ ಭಟ್ಟಿ ತುಂಬಿಸಿದ್ದೆ."

ನಮ್ಮ ಕಡೆಯಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಕೆಟ್ಟ ಸುದ್ದಿಯ ಹಾಗೆ ತರುವುದಿಲ್ಲ. ಹೆದರುವಂಥದ್ದು ಏನಿಲ್ಲ ಎಂದು ಯಾರಾದರೂ ಹೇಳಿದರೆ ಚಪ್ಪಲಿಯನ್ನೂ ಹಾಕದೆ ಓಡಬೇಕು. ಅದು ಕಾಕನಿಗೂ ಗೊತ್ತಿತ್ತು.

"ಗೊತ್ತಿತ್ತು ಟೀಚರೇ. ಆದರೆ ರೊಟ್ಟಿ ಒಳಗುಂಟು. ಅರ್ಧ ಗಂಟೆ ಅಲ್ವಾ, ತೆಗೆದಿಟ್ಟು ಹೋಗುವ ಅಂತ ಕಂಡಿತು. ಅವನನ್ನು ಮುಂದೆ ಕಳಿಸಿದೆ. ಎರಡು ಗಂಟೆಯ ಬಸ್ಸು ಗೇಟಿನ ಎದುರಿಂದಲೇ ಹೋಯಿತು, ಹಾರ್ನ್ ಕೇಳಿದೆ. ನಾನು ರೊಟ್ಟಿ ತೆಗೀತಾ ಇದ್ದೆ. ಒಂದೂ ಕರಕಲಾಗಲಿಲ್ಲ. ಅಷ್ಟು ಒಳ್ಳೆ ರೊಟ್ಟಿ ನಾನು ಮತ್ತೆ ಯಾವತ್ತೂ ಸುಡ್ಲಿಲ್ಲ."

ಸಿದ್ದಕಟ್ಟೆಯವರೆಗೆ ನಡೆದರಂತೆ. ಅಲ್ಲಿಂದ ಒಂದು ಮರದ ಲಾರಿ ಸಿಕ್ಕಿತಂತೆ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅತ್ತೆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೆಳಗೆ ಇಳಿದು ಬರುತ್ತಿದ್ದರು. ಹೆಂಡತಿ ಹೋಗಿ ಸ್ವಲ್ಪವೇ ಹೊತ್ತಾಗಿತ್ತು. ರಕ್ತ ನಿಲ್ಲಲಿಲ್ಲವಂತೆ. ಕೊನೆಯವರೆಗೂ ಎಚ್ಚರವಿತ್ತಂತೆ. ಬಂದರಾ, ಬಂದರಾ ಎಂದು ಬಾಗಿಲ ಕಡೆಗೇ ನೋಡುತ್ತಿದ್ದಳಂತೆ.

"ಸಫಿಯಾ ಸಣ್ಣವಳಿರುವಾಗ ಕೇಳಿದಳು, ಉಮ್ಮ ಹೋಗುವಾಗ ನೀವು ಎಲ್ಲಿದ್ದಿರಿ ಅಂತ. ಹತ್ತಿರವೇ ಇದ್ದೆ, ನನ್ನ ಕೈ ಹಿಡ್ಕೊಂಡಿದ್ದಳು ಅಂತ ಹೇಳಿಬಿಟ್ಟೆ. ಅತ್ತೆಯೂ ಅವಳ ಅಣ್ಣನೂ ಬಾಯಿ ಬಿಡ್ಲಿಲ್ಲ, ಪಾಪ. ಇಬ್ಬರೂ ಈಗ ಇಲ್ಲ. ಗೊತ್ತಿರುವವನು ನಾನೊಬ್ಬ, ಇನ್ನು ನೀವು."

ಕೂದಲಿಲ್ಲದ ಬಲಗೈಯಿಂದ ಮುಚ್ಚಿದ ಲ್ಯಾಪ್‌ಟಾಪಿನ ಕಡೆ ತೋರಿಸಿದರು.

"ನಿಮ್ಮ ಇಟಲಿಯವನು ಬಿಟ್ಟು ಹೋದ ಟೀಚರೇ. ನೋಡಿ, ರೊಟ್ಟಿ ಇನ್ನೂ ಅಲ್ಲೇ ಉಂಟು. ಅವನಿಗೂ ಒಬ್ಬ ಉಸ್ತಾದ ಇದ್ದಿರಬೇಕು, ಅವನಿಗೂ ಹೇಳಿಕೊಟ್ಟಿರಬೇಕು. ಆದರೂ ಬಿಟ್ಟು ಹೋದ. ಅವನು ಬದುಕಿದನಾ?"

ಗೊತ್ತಿಲ್ಲ ಎನ್ನುವುದೇ ಇತಿಹಾಸದ ಟೀಚರ್ ಹೇಳಬೇಕಾದ ಮಾತು. ನಾನು, "ಬದುಕಿದ ಕಾಕ. ಹೆಂಡತಿ ಮಕ್ಕಳೂ ಬದುಕಿದರು" ಎಂದೆ. ಅವರು ತಲೆಯಾಡಿಸಿದರು, ನಂಬಿದರೋ ನನ್ನ ಮರ್ಯಾದೆಗೆ ತಲೆಯಾಡಿಸಿದರೋ ತಿಳಿಯಲಿಲ್ಲ. ಆಮೇಲೆ ಕೇಳಿದರು: "ಸಫಿಯಾಳಿಗೆ ಹೇಳ್ಬೇಕಾ? ನೀವು ಕಲಿತವರು, ಹೇಳಿ. ಹೇಳದೆ ಹೋದರೆ ಸುಳ್ಳು ಹೊತ್ಕೊಂಡು ಹೋದ ಹಾಗೆ. ಹೇಳಿದರೆ ಅವಳಿಗೆ ಇರುವ ಒಂದು ಸಮಾಧಾನವನ್ನು ನಾನೇ ಕಿತ್ತುಕೊಂಡ ಹಾಗೆ."

ನಾನು ಹೇಳಿದ್ದು, "ಅವಸರ ಎಂಥದು ಕಾಕ, ಸಮಯ ಬಂದಾಗ ನೋಡುವ" ಎಂದು. ಹೇಡಿಯ ಮಾತು ಅದು. ಅವರಿಗೆ ಒಂದು ಉತ್ತರ ಬೇಕಿತ್ತು, ಹೌದು ಅಂತಲೋ ಬೇಡ ಅಂತಲೋ. ಊರಿನ ಮಕ್ಕಳಿಗೆಲ್ಲ ಸರಿ ತಪ್ಪು ಹಾಕಿ ಕೊಡುವ ನಾನು ಅವರನ್ನು ಗೋಡೆಯ ಆಚೆಗೆ ಹಾಗೇ ಕಳಿಸಿದೆ.

ಅದಾದ ಮೇಲೂ ಬರುತ್ತಿದ್ದರು. ಬೀದಿ, ಮನೆ, ಯಾವುದೂ ಬೇಡ. ನೇರ ಭಟ್ಟಿಯ ಎದುರಿಗೆ. ಅಲ್ಲಿ ಹತ್ತು ನಿಮಿಷ ಕೂತು ಎದ್ದು ಹೋಗುತ್ತಿದ್ದರು. ಕೊನೆಕೊನೆಗೆ ಉಸಿರು ಕಟ್ಟಲು ಶುರುವಾಗಿ, ಗೇಟಿನಿಂದ ಸುತ್ತಿ ಬರುವುದಕ್ಕೂ ಆಗುತ್ತಿರಲಿಲ್ಲ. ಗೋಡೆಯ ಆಚೆ ಕುರ್ಚಿ ಹಾಕಿ ಕೂತು, "ಟೀಚರೇ, ಅಲ್ಲಿ ಎಲ್ಲ ಸರಿ ಉಂಟಾ?" ಎಂದು ಕೇಳುತ್ತಿದ್ದರು. ಸರಿ ಉಂಟು ಕಾಕ ಎನ್ನುತ್ತಿದ್ದೆ. ಪಕ್ಕದಲ್ಲಿ ಸಫಿಯಾ ಇರುತ್ತಿದ್ದಳು. ಅವರು ಒಮ್ಮೆ ಅವಳ ಮುಖ ನೋಡುತ್ತಿದ್ದರು, ಒಮ್ಮೆ ನನ್ನ ಮುಖ. ಸಮಯ ಬಂತಾ ಎಂದು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ನಾನು ಕಣ್ಣು ತಪ್ಪಿಸುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ, ಚಾ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿದರಂತೆ. ನಾನು ಶಾಲೆಯಿಂದ ರಜೆ ಹಾಕಿ ಓಡಿಬಂದೆ. ಹೆಂಗಸರ ನಡುವೆ ಸಫಿಯಾ ಗೋಡೆಗೆ ಒರಗಿ ಕೂತಿದ್ದಳು. ನನ್ನ ಕೈ ಹಿಡಿದು, "ಹೇಳದೆ ಹೋದರು ಅಕ್ಕಾ" ಎಂದಳು. ಇವಳಿಗೆ ಆ ವಿಷಯ ಗೊತ್ತಾಗಿದೆಯಾ ಎಂದು ಒಂದು ಕ್ಷಣ ಅನ್ನಿಸಿತು. ಅವಳು ಹೇಳಿದ್ದು ಎಲ್ಲರೂ ಹೇಳುವ ಅರ್ಥದಲ್ಲಿ, ಒಂದು ಮಾತೂ ಆಡದೆ ಹೋದರು ಎಂದು. ಕಾಕನ ಮಯ್ಯಿತ್ತನ್ನು ಮಸೀದಿಗೆ ಹೊತ್ತುಕೊಂಡು ಹೋಗುವಾಗ ನಾನು ನಮ್ಮ ಜಗಲಿಯಲ್ಲಿ ನಿಂತು ಅತ್ತೆ. ಅವರು ಹೋದದ್ದಕ್ಕೆ ಎಷ್ಟು, ನನ್ನ ಹೇಡಿತನಕ್ಕೆ ಎಷ್ಟು ಎಂದು ನನಗೇ ತಿಳಿಯಲಿಲ್ಲ.

ಕಳೆದ ಭಾನುವಾರ ಸಫಿಯಾ ಬಂದಳು. "ಉಪ್ಪ ಇಲ್ಲಿ ಕೂತು ಎಂಥ ನೋಡ್ತಿದ್ದರು? ನನಗೂ ಒಮ್ಮೆ ತೋರಿಸಿ" ಎಂದಳು. ಲ್ಯಾಪ್‌ಟಾಪ್ ತೆರೆದೆ. ಬೀದಿ, ದಾಟುಗಲ್ಲು, ಬೀಸುವ ಕಲ್ಲು, ನಾದುವ ಕೋಣೆ, ಭಟ್ಟಿ. ಒಂದೊಂದು ಕಡೆಯೂ ಕಾಕ ಏನು ಹೇಳಿದ್ದರೆಂದು ಹೇಳುತ್ತ ಹೋದೆ. ಭಟ್ಟಿಯ ಬಾಯಿ ದೊಡ್ಡದಾಯ್ತು ಎಂದದ್ದಕ್ಕೆ ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಕೊನೆಗೆ ಅವಳೇ ಕೇಳಿದ್ದರಿಂದ ರೊಟ್ಟಿಯ ಚಿತ್ರವನ್ನೂ ತೋರಿಸಿದೆ. ಭಟ್ಟಿಯವನು ಇದನ್ನು ಒಳಗೇ ಬಿಟ್ಟು ಮನೆಯವರಿಗಾಗಿ ಓಡಿದ ಎಂದಷ್ಟೇ ಹೇಳಿದೆ. ಮುಂದಿನದು ಗಂಟಲವರೆಗೆ ಬಂದಿತ್ತು. ಈಗ ಹೇಳಬೇಕು, ಇವತ್ತಲ್ಲದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದುಕೊಂಡು ಅವಳ ಕಡೆ ತಿರುಗಿದೆ.

ಸಫಿಯಾ ಆ ಕಪ್ಪು ರೊಟ್ಟಿಯನ್ನೇ ನೋಡುತ್ತಿದ್ದಳು.

"ಛೇ, ಒಂದು ಭಟ್ಟಿ ರೊಟ್ಟಿಯನ್ನು ಹೀಗೆ ಸುಡ್ಲಿಕ್ಕೆ ಬಿಟ್ಟು ಹೋದನಲ್ಲ" ಎಂದಳು. ಅವಳ ಮುಖದಲ್ಲಿ ಕಾಕ ಹೋದಾಗಿನಿಂದ ಕಾಣದಿದ್ದ ಒಂದು ಹೆಮ್ಮೆ ಇತ್ತು. "ನಮ್ಮ ಉಪ್ಪ ಆಗಿದ್ದರೆ ತೆಗೆದಿಟ್ಟೇ ಹೋಗ್ತಿದ್ದರು. ಅಲ್ವಾ ಅಕ್ಕಾ?"

"ಹೌದು" ಎಂದೆ. "ತೆಗೆದಿಟ್ಟೇ ಹೋಗುತ್ತಿದ್ದರು."